ಕಲ್ಲಿಲ್ಲದ ಕೋಟೆಗೆ ಕಾನೂನಿನ ಕಾವಲು: ಹೆನ್ ಡೊಮೆನ್ ದಿಬ್ಬದೊಳಗೆ ಏನಿದೆ?

ಉತ್ತರ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಬಾಯೊ ಚಿತ್ರಪಟ ಹೇಳುತ್ತದೆ. ಲಿನನ್ ಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಕಸೂತಿ ಹಾಕಿದ, ಸುಮಾರು 70 ಮೀಟರ್ ಉದ್ದದ ಈ ಪಟ ಫ್ರಾನ್ಸಿನ ಸ್ವತ್ತು. ಅದನ್ನು 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಎರವಲು ಕೊಡುವುದಾಗಿ 2025ರ ಜುಲೈನಲ್ಲಿ ಪ್ರಕಟವಾದ ಮೇಲೆ, ಆ ಕಾಲದ ಬಗ್ಗೆ ಹೆಚ್ಚೇನೂ ತಿಳಿಯದವರಿಗೂ ಅದರಲ್ಲಿರುವ ಚಿತ್ರಗಳ ಬಗ್ಗೆ ಕುತೂಹಲ ಮೂಡಿದೆ. ಯುದ್ಧದ ಕುದುರೆಗಳ ನಡುವೆ ಸುಲಭವಾಗಿ ಕಣ್ತಪ್ಪುವ ಒಂದು ದೃಶ್ಯ ಆ ಪಟದಲ್ಲಿದೆ. ಹೇಸ್ಟಿಂಗ್ಸ್‌ನಲ್ಲಿ ಕೋಟೆ ಕಟ್ಟಲು ಅಪ್ಪಣೆಯಾಗಿದೆ. ಆಳುಗಳು ಸಲಿಕೆ, ಗುದ್ದಲಿಗಳಿಂದ ಮಣ್ಣು ಎತ್ತಿ ಹಾಕುತ್ತಿದ್ದಾರೆ. ಅವರಲ್ಲಿ ಇಬ್ಬರು ಕೆಲಸ ಬಿಟ್ಟು ಸಲಿಕೆಗಳಿಂದಲೇ ಬಡಿದಾಡಿಕೊಳ್ಳುತ್ತಿರುವಂತಿದೆ. ಅವರ ಪಕ್ಕದಲ್ಲಿ ಬೇರೆಬೇರೆ ಬಣ್ಣದ ಪಟ್ಟೆಗಳಿರುವ ಒಂದು ಮಣ್ಣಿನ ಗುಡ್ಡೆ, ಅದರ ತಲೆಯ ಮೇಲೆ ಮರದ ಕಟ್ಟೋಣ.

ಇಂಥ ಗುಡ್ಡೆಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಏಳುನೂರಕ್ಕೂ ಹೆಚ್ಚು ಉಳಿದಿವೆ. ಬಹುಪಾಲು ಗುಡ್ಡೆಗಳ ಮೇಲೆ ಒಂದು ಕಲ್ಲೂ ಇಲ್ಲ. ಹುಲ್ಲು ಬೆಳೆದಿದೆ, ಕುರಿ ಮೇಯುತ್ತದೆ. ಆದರೂ ಅಂಥ ಗುಡ್ಡೆ ಕಾನೂನಿನ ಪಟ್ಟಿಯಲ್ಲಿದ್ದರೆ ಅದರ ಮೇಲೆ ಒಂದು ಬೇಲಿಗೂಟ ನೆಡಬೇಕಾದರೂ ಮಾಲೀಕನು ಮೊದಲು ಅನುಮತಿಯ ವಿಷಯ ವಿಚಾರಿಸಬೇಕಾಗುತ್ತದೆ. ಬರಿಯ ಮಣ್ಣಿನ ರಾಶಿಗೆ ಇಷ್ಟೊಂದು ಕಾವಲು ಏಕೆ? ಇದಕ್ಕೆ ಉತ್ತರ ತಿಳಿಯಲು ಆ ದಿಬ್ಬ ಹೇಗೆ ಎದ್ದಿತು, ಅದರೊಳಗೆ ಏನು ಉಳಿದಿದೆ ಎಂಬುದನ್ನು ನೋಡಬೇಕು. ವೇಲ್ಸ್‌ನ ಪೊವಿಸ್ ಪ್ರಾಂತದ ಹೆನ್ ಡೊಮೆನ್ ಎಂಬ ಕೋಟೆ ಇದಕ್ಕೆ ಒಳ್ಳೆಯ ಉದಾಹರಣೆ. ಈ ಬಗೆಯ ಕೋಟೆಗಳಲ್ಲಿ ಇಷ್ಟು ದೀರ್ಘಕಾಲ, ಇಷ್ಟು ತಾಳ್ಮೆಯಿಂದ ಅಗೆದು ಅಧ್ಯಯನ ಮಾಡಿದ ಇನ್ನೊಂದು ತಾಣ ಸಿಗುವುದು ಕಷ್ಟ.

ಮಣ್ಣುಕೋಟೆಯ ಎರಡು ಅಂಗಗಳು

ನಾರ್ಮನ್ನರ ಮಣ್ಣುಕೋಟೆಗೆ ಸಾಮಾನ್ಯವಾಗಿ ಎರಡು ಭಾಗಗಳಿರುತ್ತಿದ್ದವು. ಒಂದು, ಮನುಷ್ಯರೇ ಎಬ್ಬಿಸಿದ ಎತ್ತರದ ದಿಬ್ಬ. ಅದಕ್ಕೆ ಮಾಟ್ ಎಂದು ಹೆಸರು. ಅದರ ಬದಿಗಳು ಕಡಿದಾಗಿರುತ್ತಿದ್ದವು, ತುದಿ ಮಾತ್ರ ಚಪ್ಪಟೆ. ಆ ಚಪ್ಪಟೆ ಜಾಗದಲ್ಲಿ ಮರದ ಗೋಪುರವೂ ಅದರ ಸುತ್ತ ದಿಮ್ಮಿಗಳ ಬೇಲಿಯೂ ಇರುತ್ತಿದ್ದವು. ಇನ್ನೊಂದು ಭಾಗ, ದಿಬ್ಬದ ಬುಡಕ್ಕೆ ಅಂಟಿಕೊಂಡ ವಿಶಾಲವಾದ ಅಂಗಳ, ಅದು ಬೈಲಿ. ಸೈನಿಕರ ವಸತಿ, ಅಡುಗೆಮನೆ, ಲಾಯ, ಕಣಜ, ಪ್ರಾರ್ಥನಾಮಂದಿರ ಎಲ್ಲವೂ ಈ ಅಂಗಳದಲ್ಲಿ ಇರುತ್ತಿದ್ದವು. ಎರಡರ ಸುತ್ತಲೂ ಕಂದಕ, ಕಂದಕದ ಒಳಬದಿಗೆ ಮಣ್ಣಿನ ಏರಿ, ಏರಿಯ ಮೇಲೆ ಮತ್ತೆ ಮರದ ಬೇಲಿ. ಅಂಗಳದಿಂದ ದಿಬ್ಬಕ್ಕೆ ಹತ್ತಲು ಮರದ ಸೇತುವೆ. ಶತ್ರು ಅಂಗಳಕ್ಕೆ ನುಗ್ಗಿದರೂ ಒಳಗಿನವರು ದಿಬ್ಬದ ಮೇಲೆ ಹೋಗಿ ಕಾದಾಡಬಹುದಿತ್ತು.

ಈ ರಚನೆಯಲ್ಲಿ ಕಂದಕ ಮತ್ತು ದಿಬ್ಬ ಒಂದೇ ಕೆಲಸದಲ್ಲಿ ಸಿದ್ಧವಾಗುತ್ತವೆ. ಕಂದಕ ತೋಡಿದ ಮಣ್ಣನ್ನು ದೂರ ಸಾಗಿಸಬೇಕಿಲ್ಲ, ಒಳಕ್ಕೆ ಎಸೆದರೆ ಅದೇ ಏರಿ, ಅದೇ ದಿಬ್ಬ. ಆದರೆ ಸಡಿಲವಾದ ಮಣ್ಣನ್ನು ಸುಮ್ಮನೆ ಗುಪ್ಪೆ ಹಾಕಿದರೆ ಮಳೆಗೆ ಕುಸಿಯುತ್ತದೆ. ಅದಕ್ಕಾಗಿ ಕಟ್ಟುವವರು ಮಣ್ಣು, ಜಲ್ಲಿ, ಸುಣ್ಣಕಲ್ಲಿನ ಪುಡಿ, ಜೇಡಿಗಳನ್ನು ಪದರುಪದರಾಗಿ ಹಾಸಿ ಬಿಗಿಗೊಳಿಸುತ್ತಿದ್ದರು. ಬಾಯೊ ಪಟದ ಗುಡ್ಡೆಯ ಮೇಲಿರುವ ಬಣ್ಣದ ಪಟ್ಟೆಗಳು ಈ ಪದರುಗಳನ್ನೇ ತೋರಿಸುತ್ತಿರಬಹುದು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಎಲ್ಲ ಮಣ್ಣುಕೋಟೆಗಳಿಗೂ ದಿಬ್ಬ ಇರಲಿಲ್ಲ. ಕೆಲವು ಕಡೆ ಬರಿಯ ದುಂಡನೆಯ ಏರಿ ಮತ್ತು ಕಂದಕ ಮಾತ್ರ ಇದ್ದವು.

ಕಲ್ಲು ಬಿಟ್ಟು ಮಣ್ಣನ್ನು ಆರಿಸಿದ್ದೇಕೆ

ಮೊದಲ ಕಾರಣ ಅವಸರ. ಗೆದ್ದ ನಾಡಿನಲ್ಲಿ ನಾರ್ಮನ್ನರು ಅಲ್ಪಸಂಖ್ಯಾತರು, ಸುತ್ತಲಿನ ಜನ ಅವರನ್ನು ಒಪ್ಪಿಕೊಂಡಿರಲಿಲ್ಲ. ಕಲ್ಲಿನ ಕೋಟೆಗೆ ಗಣಿ ಬೇಕು, ಸುಣ್ಣದ ಗೂಡು ಬೇಕು, ಕುಶಲ ಕಲ್ಲುಕುಟಿಗರು ಬೇಕು, ಅನೇಕ ವರ್ಷಗಳ ಸಮಾಧಾನ ಬೇಕು. ಮಣ್ಣಿನ ಕೋಟೆಗೆ ಬೇಕಾದದ್ದು ಸಲಿಕೆ, ಮರ ಮತ್ತು ಬಿಟ್ಟಿಗೆ ಹಿಡಿದು ತಂದ ಊರಿನ ಜನ. 1069ರಲ್ಲಿ ಯಾರ್ಕ್ ನಗರದಲ್ಲಿ ದಂಗೆ ಅಡಗಿಸಿದ ಮೇಲೆ ನಾರ್ಮನ್ನರ ನಾಯಕನಾಗಿ ಇಂಗ್ಲೆಂಡನ್ನು ಗೆದ್ದಿದ್ದ ರಾಜ ವಿಲಿಯಂ ಅಲ್ಲಿ ಎಂಟು ದಿನ ಉಳಿದು ಎರಡನೆಯ ಕೋಟೆಯೊಂದನ್ನು ಎಬ್ಬಿಸಿದನೆಂದು ಹನ್ನೆರಡನೆಯ ಶತಮಾನದ ಚರಿತ್ರಕಾರ ಆರ್ಡೆರಿಕ್ ವಿಟಾಲಿಸ್ ಬರೆದಿದ್ದಾನೆ.

ಎರಡನೆಯ ಕಾರಣ ತೂಕ. ಹೊಸದಾಗಿ ಎಬ್ಬಿಸಿದ ದಿಬ್ಬ ವರ್ಷಾನುಗಟ್ಟಲೆ ಇಳಿಯುತ್ತಲೇ ಇರುತ್ತದೆ, ಅದು ಕಲ್ಲಿನ ಭಾರ ತಾಳುವುದಿಲ್ಲ. ಯಾರ್ಕ್‌ನ ದಿಬ್ಬದ ಮೇಲಿದ್ದ ಮರದ ಗೋಪುರ, 1190ರ ಮಾರ್ಚ್‌ನಲ್ಲಿ ಅಲ್ಲಿ ಆಶ್ರಯ ಪಡೆದಿದ್ದ ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡದಲ್ಲಿ ಸುಟ್ಟುಹೋಯಿತು. ಹದಿಮೂರನೆಯ ಶತಮಾನದಲ್ಲಿ ಅದೇ ದಿಬ್ಬದ ಮೇಲೆ ಕಲ್ಲಿನ ಗೋಪುರ ಎದ್ದಿತು. ನೂರು ವರ್ಷ ಕಳೆಯುವಷ್ಟರಲ್ಲಿ ಅದು ನೆತ್ತಿಯಿಂದ ಬುಡದವರೆಗೆ ಎರಡು ಕಡೆ ಸೀಳಿತ್ತು.

ಮರಕ್ಕೂ ಮಿತಿಗಳಿದ್ದವು. ಬಾಯೊ ಪಟದ ಇನ್ನೊಂದು ದೃಶ್ಯದಲ್ಲಿ, ಫ್ರಾನ್ಸಿನ ದಿನಾನ್ ಕೋಟೆಯ ಮರದ ಬೇಲಿಗೆ ಸೈನಿಕರು ಪಂಜು ಹಿಡಿದು ಬೆಂಕಿ ಹಚ್ಚುತ್ತಿದ್ದಾರೆ. ಕೋಟೆಯ ಒಡೆಯ ಕೋನನ್ ಭರ್ಜಿಯ ತುದಿಯಲ್ಲಿ ಬೀಗದ ಕೈಗಳನ್ನು ಚಾಚಿ ಶರಣಾಗುತ್ತಿದ್ದಾನೆ. ಬೆಂಕಿಯಿಂದ ಉಳಿದರೂ ನೆಲದಲ್ಲಿ ಹೂತ ಕಂಬ ಕೆಲವು ದಶಕಗಳಲ್ಲಿ ಕೊಳೆಯುತ್ತದೆ, ಮತ್ತೆ ಕಟ್ಟಬೇಕಾಗುತ್ತದೆ. ಹಣವೂ ಕಾಲವೂ ಕೂಡಿಬಂದ ಕಡೆ ಮಣ್ಣುಕೋಟೆ ಕಲ್ಲಿನ ಕೋಟೆಯಾಯಿತು. ಇಂಥ ಬದಲಾವಣೆ ನಮಗೂ ಹೊಸದಲ್ಲ: ಬೆಂಗಳೂರಿನಲ್ಲಿ ಕೆಂಪೇಗೌಡರ 1537ರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ. ಕಲ್ಲು ಬಂದ ಕಡೆ ಅಡಿಪಾಯಕ್ಕಾಗಿ ನೆಲ ಅಗೆದು ಹಳೆಯ ಮಣ್ಣುಮರದ ಕುರುಹುಗಳನ್ನು ಬಹುಪಾಲು ಅಳಿಸಿಬಿಟ್ಟರು. ಆದ್ದರಿಂದ ಮೊದಲ ಕೋಟೆ ಹೇಗಿತ್ತೆಂದು ತಿಳಿಯಬೇಕಾದರೆ, ಕಲ್ಲು ಬರದೆ ಪಾಳುಬಿದ್ದ ಕೋಟೆಯನ್ನೇ ಹುಡುಕಬೇಕು. ಹೆನ್ ಡೊಮೆನ್ ಅಂಥದ್ದು.

ಗಡಿಯ ಮೇಲಿನ ಒಂದು ಠಾಣೆ

ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿ ಸೆವೆರ್ನ್ ನದಿ ಹರಿಯುತ್ತದೆ. ಆ ನದಿಯನ್ನು ನಡೆದು ದಾಟಬಹುದಾದ ಒಂದು ಹಾಯ್ಗಡವನ್ನು ಕಾಯಲು ವಿಲಿಯಂನ ಆಪ್ತ, ಶ್ರೂಸ್‌ಬರಿಯ ಅರ್ಲ್ ರೋಜರ್ 1070ರ ದಶಕದ ಸುಮಾರಿಗೆ ಇಲ್ಲಿ ಕೋಟೆ ಕಟ್ಟಿಸಿದ. ನಾರ್ಮಂಡಿಯ ತನ್ನ ಊರಿನ ಹೆಸರನ್ನೇ ಇಟ್ಟು ಇದನ್ನು ಮಾಂಟ್ಗೊಮರಿ ಎಂದು ಕರೆದ. 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ಈ ಕೋಟೆಯ ಉಲ್ಲೇಖವಿದೆ. 1095ರಲ್ಲಿ ವೆಲ್ಷರು ಇದನ್ನು ಹಿಡಿದು ಕಾವಲು ಪಡೆಯನ್ನು ಕೊಂದರು. 1102ರಲ್ಲಿ ರೋಜರನ ಮಗ ರಾಜನ ವಿರುದ್ಧ ದಂಗೆಯೆದ್ದು ಆಸ್ತಿ ಕಳೆದುಕೊಂಡ ಮೇಲೆ ಕೋಟೆ ಬಾಲ್ಡ್ವಿನ್ ಡಿ ಬೂಲರ್ಸ್ ಮನೆತನಕ್ಕೆ ಹೋಯಿತು.

1223ರಲ್ಲಿ ಮೂರನೆಯ ಹೆನ್ರಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಬಂಡೆಯ ಮೇಲೆ ಹೊಸ ಕಲ್ಲಿನ ಕೋಟೆ ಕಟ್ಟಿಸಲು ಆರಂಭಿಸಿದ. ಹೆಸರು, ಅಧಿಕಾರ, ಪೇಟೆ ಎಲ್ಲವೂ ಅಲ್ಲಿಗೆ ಹೋದವು. ಈಗ ಹೆನ್ ಡೊಮೆನ್ ಎಂದು ಕರೆಯುವ ಹಳೆಯ ಕೋಟೆ ಇನ್ನೂ ಕೆಲವು ದಶಕ ಹೊರಠಾಣೆಯಾಗಿ ಉಳಿದು, ಹದಿಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ಪಾಳುಬಿತ್ತು. ಅದರ ಮೇಲೆ ಮತ್ತೆ ಯಾರೂ ಕಟ್ಟಲಿಲ್ಲ. ಇತಿಹಾಸಕಾರರ ಪಾಲಿಗೆ ಇದೊಂದು ದೊಡ್ಡ ಭಾಗ್ಯ.

ಮರ ಕೊಳೆತ ಮೇಲೆ ಉಳಿಯುವುದೇನು

ಒಂದು ಕಂಬವನ್ನು ನಿಲ್ಲಿಸಲು ಗುಳಿ ತೋಡಿ, ಕಂಬ ಇಳಿಸಿ, ಸುತ್ತ ಕಲ್ಲುಚೂರು ಗಿಡಿದು ಮಣ್ಣು ತುಂಬುತ್ತಾರೆ. ಕಂಬ ಕೊಳೆತಾಗ ಅದು ನಿಂತಿದ್ದ ಜಾಗಕ್ಕೆ ಮೇಲಿನಿಂದ ಮೆತ್ತನೆಯ, ಕಪ್ಪು ಬಣ್ಣದ ಮಣ್ಣು ನಿಧಾನವಾಗಿ ಇಳಿದು ತುಂಬಿಕೊಳ್ಳುತ್ತದೆ. ಗಿಡಿದ ಕಲ್ಲುಗಳು ಇದ್ದಲ್ಲೇ ನಿಂತಿರುತ್ತವೆ. ಸಾವಿರ ವರ್ಷದ ಬಳಿಕ ಮೇಲಿನ ಹುಲ್ಲುಮಣ್ಣನ್ನು ಎಚ್ಚರದಿಂದ ಕೆರೆದರೆ, ಕಂದು ನೆಲದಲ್ಲಿ ಒಂದು ಕಪ್ಪು ವೃತ್ತವೂ ಅದರ ಸುತ್ತ ಕಲ್ಲಿನ ಬಳೆಯೂ ಕಾಣುತ್ತವೆ. ಅದರ ಅಗಲವೇ ಕಂಬದ ಅಗಲ. ಇಂಥ ವೃತ್ತಗಳನ್ನು ಜೋಡಿಸಿ ನೋಡಿದರೆ ಗೋಡೆಯ ಸಾಲು ಮೂಡುತ್ತದೆ. ಒಂದು ವೃತ್ತ ಇನ್ನೊಂದನ್ನು ಕತ್ತರಿಸಿದ್ದರೆ ಯಾವ ಕಟ್ಟಡ ಮೊದಲಿನದು, ಯಾವುದು ನಂತರದ್ದು ಎಂಬುದು ತಿಳಿಯುತ್ತದೆ. ಕಂಬ ಹೂಳದೆ ಮರದ ಅಡಿದಿಮ್ಮಿಯನ್ನು ನೆಲದ ಮೇಲೆಯೇ ಮಲಗಿಸಿ ಕಟ್ಟಿದ್ದ ಕಡೆ ಗುಳಿಯೂ ಇರುವುದಿಲ್ಲ. ನೆಲದ ಬಣ್ಣ, ಹರಳುಗಳ ಹರಡಿಕೆಗಳಲ್ಲಿ ಕಾಣುವ ಸಣ್ಣ ವ್ಯತ್ಯಾಸವೊಂದೇ ಸಾಕ್ಷಿ.

ಇಂಥ ಸೂಕ್ಷ್ಮ ಗುರುತುಗಳನ್ನು ಹಿಡಿಯುವುದು ಹೇಗೆ? ಇಲ್ಲಿ ಕರ್ನಾಟಕಕ್ಕೂ ಒಂದು ನಿಜವಾದ ನಂಟಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು. ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ವಿಧಾನದಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕಗಳ ನಡುವೆ ಅಗೆಯದ ಬದುಗಳನ್ನು ಬಿಡುತ್ತಾರೆ. ಆ ಬದುಗಳ ನೆಟ್ಟನೆಯ ಮೈಯಲ್ಲಿ ಪದರುಗಳ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಒಂದರ ಮೇಲೊಂದು ಕೂತ ಸಂಸ್ಕೃತಿಗಳ ಕಾಲಕ್ರಮ ಹಿಡಿಯಲು ಇದು ಬಹಳ ಉಪಯುಕ್ತ. ಮರದ ಕಟ್ಟಡಗಳ ವಿಷಯದಲ್ಲಿ ಮಾತ್ರ ಇದು ಸಾಲದು, ಏಕೆಂದರೆ ಕಟ್ಟಡದ ಅರ್ಧ ಗುರುತು ಬದುವಿನ ಅಡಿಯಲ್ಲೇ ಉಳಿದುಬಿಡುತ್ತದೆ. 1960ರಲ್ಲಿ ಹೆನ್ ಡೊಮೆನ್‌ನಲ್ಲಿ ಅಗೆತ ಶುರುಮಾಡಿದ ಫಿಲಿಪ್ ಬಾರ್ಕರ್, ಬದುಗಳನ್ನು ಬಿಟ್ಟು ಅಂಗಳದ ವಿಶಾಲ ಭಾಗವನ್ನು ಒಟ್ಟಿಗೇ ತೆರೆದು, ಒಂದೊಂದೇ ಪದರನ್ನು ಕೈಗರಣೆಯಿಂದ ಬಿಡಿಸಿ, ಪ್ರತಿ ಕಲ್ಲನ್ನೂ ನಕ್ಷೆಗೆ ಇಳಿಸುವ ಕ್ರಮ ಅನುಸರಿಸಿದರು. ಮುಂದೆ ರಾಬರ್ಟ್ ಹೈಯಂ ಅವರೂ ಜೊತೆಗೂಡಿದರು. ಬೇಸಿಗೆಗಳಲ್ಲಿ ನಡೆಯುತ್ತಿದ್ದ ಈ ಕೆಲಸ ಮೂರು ದಶಕ ಮುಂದುವರಿಯಿತು.

ಅದರಿಂದ ತಿಳಿದ ವಿಷಯಗಳು ಮಧ್ಯಯುಗದ ಕೋಟೆಯ ಬಗ್ಗೆ ಇದ್ದ ಕಲ್ಪನೆಯನ್ನು ಬದಲಿಸಿದವು. ಕೋಟೆಯ ಅಂಗಳ ಖಾಲಿ ಬಯಲಾಗಿರಲಿಲ್ಲ, ಕಟ್ಟಡಗಳು ಒತ್ತೊತ್ತಾಗಿ ಕಿಕ್ಕಿರಿದಿದ್ದವು. ಸುಮಾರು ಎರಡು ಶತಮಾನಗಳಲ್ಲಿ ಅವುಗಳನ್ನು ಮತ್ತೆಮತ್ತೆ ಕೆಡವಿ ಕಟ್ಟಿದ್ದರು. ಸಿಕ್ಕ ವಸ್ತುಗಳು ಮಾತ್ರ ಆಶ್ಚರ್ಯವಾಗುವಷ್ಟು ಕಡಿಮೆ, ಅವುಗಳಲ್ಲಿ ವೈಭೋಗದ ಸರಕು ಇರಲಿಲ್ಲವೆಂದೇ ಹೇಳಬೇಕು. ದಾಖಲೆಗಳು ಇಲ್ಲದೆ ಬರಿಯ ಮಡಕೆಚೂರುಗಳಷ್ಟೇ ನಮಗೆ ಸಿಕ್ಕಿದ್ದರೆ, ರಾಜ್ಯದ ಅತಿ ಪ್ರಬಲರಲ್ಲಿ ಒಬ್ಬನು ಈ ಕೋಟೆ ಕಟ್ಟಿಸಿದನೆಂದು ಊಹಿಸಲು ಸಾಧ್ಯವಿರಲಿಲ್ಲ. ಇನ್ನೂ ಕೆಳಗೆ ಹೋದಾಗ, ಕೋಟೆಯ ಏರಿಯ ಅಡಿಯಲ್ಲಿ ಉಳುಮೆಯ ಸಾಲುಗಳು ಸಿಕ್ಕವು. ನಾರ್ಮನ್ನರು ಬರುವ ಮೊದಲು ಯಾರೋ ರೈತರು ಉತ್ತು ಬಿಟ್ಟಿದ್ದ ಹೊಲ ಅದು. ಅದರ ಮೇಲೆ ಬಿದ್ದ ಮಣ್ಣೇ ಅದನ್ನು ಮುಚ್ಚಿ ಕಾಪಾಡಿತ್ತು.

ಕಾನೂನು ಕಾಯುವುದು ಈ ಕ್ರಮವನ್ನು. ತಾಳೆಗರಿಯ ಕಟ್ಟಿನ ದಾರ ಬಿಚ್ಚಿ ಗರಿಗಳನ್ನು ಕಲಸಿಬಿಟ್ಟರೆ, ಅಕ್ಷರಗಳೆಲ್ಲ ಉಳಿದಿದ್ದರೂ ಕಾವ್ಯ ಓದಲು ಬರುವುದಿಲ್ಲ. ದಿಬ್ಬದ ಪದರುಗಳ ವಿಷಯದಲ್ಲೂ ಹಾಗೆಯೇ. ಒಂದು ಯಂತ್ರ ಅರ್ಧ ಗಂಟೆ ಓಡಾಡಿದರೆ ಮಣ್ಣಿನ ಒಂದು ಬೊಗಸೆಯೂ ಕಳೆದುಹೋಗಿರುವುದಿಲ್ಲ, ಆದರೆ ಅದರಲ್ಲಿದ್ದ ಮಾಹಿತಿ ಪೂರ್ತಿ ಹೋಗಿರುತ್ತದೆ. ಕಲ್ಲಿನ ಗೋಡೆ ಬಿದ್ದರೆ ಕಲ್ಲುಗಳಿಗೆ ಸಂಖ್ಯೆ ಹಾಕಿ ಮತ್ತೆ ನಿಲ್ಲಿಸಬಹುದು. ಕದಡಿದ ಪದರನ್ನು ಯಾರೂ ಮತ್ತೆ ಹಾಸಲಾರರು.

ರೈಲಿನಿಂದ ಆರಂಭವಾದ ಕಾನೂನಿನ ಕಥೆ

ಲಂಡನ್ನಿನ ವಾಯವ್ಯಕ್ಕಿರುವ ಬರ್ಕಮ್‌ಸ್ಟೆಡ್‌ನಲ್ಲಿಯೂ ದಿಬ್ಬ, ಅಂಗಳಗಳಿರುವ ನಾರ್ಮನ್ ಕೋಟೆಯೊಂದಿದೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಡುವೆ ರೈಲುಮಾರ್ಗ ಹಾಕಲು 1833ರಲ್ಲಿ ಸಂಸತ್ತು ಒಪ್ಪಿದ ಕಾಯಿದೆಯಲ್ಲಿ ಈ ಕೋಟೆಯನ್ನು ಕಾಪಾಡುವ ಷರತ್ತು ಸೇರಿತು. ಕಾಯಿದೆಯ ಬಲದಿಂದ ಕಟ್ಟಡವೊಂದಕ್ಕೆ ಬ್ರಿಟನ್ನಿನಲ್ಲಿ ಸಿಕ್ಕ ಮೊದಲ ರಕ್ಷಣೆ ಇದೆಂದು ಹೇಳುವುದುಂಟು. ಆದರೂ ರೈಲಿನ ಏರಿ ಕೋಟೆಯ ಹೆಬ್ಬಾಗಿಲನ್ನೂ ಹೊರಗಿನ ಮಣ್ಣುಕಟ್ಟುಗಳ ಒಂದು ಭಾಗವನ್ನೂ ನುಂಗಿತು. ಉಳಿದ ಕೋಟೆ ಈಗಲೂ ನಿಲ್ದಾಣದ ಪಕ್ಕದಲ್ಲೇ ಇದೆ.

ದೇಶಕ್ಕೆಲ್ಲ ಅನ್ವಯಿಸುವ ಮೊದಲ ಕಾಯಿದೆ ಬಂದದ್ದು 1882ರಲ್ಲಿ. ಸಂಸದ ಜಾನ್ ಲಬಕ್ 1873ರಿಂದ ಪಟ್ಟುಬಿಡದೆ ಮಂಡಿಸುತ್ತಾ ಬಂದಿದ್ದ ಮಸೂದೆಯನ್ನು, ಖಾಸಗಿ ಆಸ್ತಿಯ ಮೇಲೆ ಸರ್ಕಾರ ಕೈಹಾಕಬಾರದೆಂದು ಅನೇಕರು ವಿರೋಧಿಸಿದ್ದರು. ಕೊನೆಗೆ ಒಪ್ಪಿಗೆಯಾದ ಕಾಯಿದೆಯ ಪಟ್ಟಿಯಲ್ಲಿ ಇದ್ದದ್ದು 68 ತಾಣಗಳು ಮಾತ್ರ. ಅವೂ ಬಹುಪಾಲು ಪ್ರಾಗಿತಿಹಾಸ ಕಾಲದ ಕಲ್ಲುವೃತ್ತ, ಸಮಾಧಿಗಳು. ಮಾಲೀಕ ಒಪ್ಪದಿದ್ದರೆ ಸರ್ಕಾರಕ್ಕೆ ಹೆಚ್ಚೇನೂ ಮಾಡಲು ಬರುತ್ತಿರಲಿಲ್ಲ.

ಈ ಕಾಯಿದೆಗೆ ಹಲ್ಲು ಬರುವಲ್ಲಿ ಭಾರತದ ಅನುಭವವೂ ಸೇರಿದೆ. ವೈಸ್‌ರಾಯ್ ಆಗಿದ್ದಾಗ ಲಾರ್ಡ್ ಕರ್ಜನ್ 1904ರಲ್ಲಿ ಭಾರತಕ್ಕೆ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆಯನ್ನು ತಂದರು. ಇಂಗ್ಲೆಂಡಿಗೆ ಮರಳಿದ ಮೇಲೆ, 1911ರಲ್ಲಿ, ಲಿಂಕನ್‌ಶೈರ್‌ನ ಟ್ಯಾಟರ್‌ಶಲ್ ಕೋಟೆಯ ಕೆತ್ತನೆಯ ಒಲೆಗೂಡುಗಳನ್ನು ಕಿತ್ತು ಮಾರಿದ್ದು ತಿಳಿದು, ಕೋಟೆಯನ್ನೇ ಕೊಂಡು ಆ ಒಲೆಗೂಡುಗಳನ್ನು ಮರಳಿ ತಂದರು. 1913ರ ಬ್ರಿಟಿಷ್ ಕಾಯಿದೆಯ ಹಿಂದೆ ಅವರ ಒತ್ತಾಸೆ ಇತ್ತು. ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಕೈಹಚ್ಚುವ ಮೊದಲು ಮಾಲೀಕ ಸರ್ಕಾರಕ್ಕೆ ಮುನ್ಸೂಚನೆ ಕೊಡಬೇಕು, ಅಗತ್ಯ ಬಿದ್ದರೆ ಸರ್ಕಾರ ತಡೆಯಬಹುದು ಎಂಬ ವ್ಯವಸ್ಥೆ ಆಗ ಬಂತು. 1979ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಮುನ್ಸೂಚನೆ ಸಾಲದು, ಮೊದಲೇ ಅನುಮತಿ ಪಡೆಯಬೇಕು.

ಅನುಸೂಚಿತ ಸ್ಮಾರಕ ಎಂದರೇನು

ರಾಷ್ಟ್ರೀಯ ಮಹತ್ವವುಳ್ಳದ್ದೆಂದು ಸರ್ಕಾರ ಗುರುತಿಸಿ, ನಕ್ಷೆಯ ಮೇಲೆ ಗಡಿಗೆರೆ ಹಾಕಿ ಪಟ್ಟಿಗೆ ಸೇರಿಸಿದ ತಾಣವೇ ಅನುಸೂಚಿತ ಸ್ಮಾರಕ. ಇಂಗ್ಲೆಂಡಿನಲ್ಲಿ ಇಂಥವು ಸುಮಾರು 20,000 ಇವೆ. ಅಲ್ಲಿ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಲಹೆಯ ಮೇರೆಗೆ ಸಂಸ್ಕೃತಿ ಸಚಿವರು ನಿರ್ಧರಿಸುತ್ತಾರೆ. ವೇಲ್ಸ್‌ನಲ್ಲಿ 4,000ಕ್ಕೂ ಹೆಚ್ಚು ತಾಣಗಳಿವೆ. ಅಲ್ಲಿನ ಹೊಣೆ ಕಾಡೂ ಎಂಬ ಸರ್ಕಾರಿ ವಿಭಾಗದ್ದು. ವೇಲ್ಸ್ ತನ್ನದೇ ಆದ ಕಾಯಿದೆಯನ್ನು 2023ರಲ್ಲಿ ಮಾಡಿಕೊಂಡಿದ್ದು, ಅದು 2024ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ತಾಣ ಎಷ್ಟು ಚೆನ್ನಾಗಿ ಉಳಿದಿದೆ, ಎಷ್ಟು ವಿರಳ, ಅದರ ಬಗ್ಗೆ ಲಿಖಿತ ದಾಖಲೆಗಳಿವೆಯೇ, ಮುಂದೆ ಹೊಸ ತಿಳಿವಳಿಕೆ ಕೊಡಬಲ್ಲದೇ ಎಂಬಂಥ ಅಂಶಗಳನ್ನು ಪರಿಶೀಲಿಸಿ ಆಯ್ಕೆ ಮಾಡುತ್ತಾರೆ. ನೋಡಲು ಅಂದವಾಗಿರಬೇಕೆಂಬ ನಿಯಮವಿಲ್ಲ; ಹುಲ್ಲುದಿಬ್ಬಕ್ಕೆ ಪಟ್ಟಿಯಲ್ಲಿ ಸ್ಥಾನ ಸಿಗುವುದು ಇದರಿಂದಲೇ.

ಪಟ್ಟಿಗೆ ಸೇರಿದರೆ ಜಮೀನು ಸರ್ಕಾರದ್ದಾಗುವುದಿಲ್ಲ. ಸಾರ್ವಜನಿಕರಿಗೆ ಒಳಹೋಗುವ ಹಕ್ಕೂ ಬರುವುದಿಲ್ಲ. ಮಾಲೀಕ ಮಾರಬಹುದು, ದನಕುರಿ ಮೇಯಿಸಬಹುದು. ಅಗೆಯುವುದು, ಮಣ್ಣು ತುಂಬುವುದು, ಕಟ್ಟುವುದು, ಕೆಡಹುವುದು, ದುರಸ್ತಿ ಮಾಡುವುದು ಇವಕ್ಕೆಲ್ಲ ಮಾತ್ರ ಮುಂಚಿತವಾಗಿ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದರೆ ಅಪರಾಧ. ಲೋಹಶೋಧಕ ಹಿಡಿದು ಹುಡುಕಾಡುವುದಕ್ಕೂ ಇದೇ ನಿಯಮ. ಏಕೆಂದರೆ ಒಂದು ನಾಣ್ಯವನ್ನು ಅದಿದ್ದ ಪದರಿನಿಂದ ಕಿತ್ತರೆ, ಆ ಪದರಿನ ಕಾಲ ಹೇಳಬಲ್ಲ ಸಾಕ್ಷಿಯೇ ಹೋದಂತೆ.

ಭಾರತದ ಓದುಗರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಬ್ರಿಟನ್ನಿನಲ್ಲಿ ಹೀಗೆ ಅಳತೆ ಗೊತ್ತುಮಾಡಿಲ್ಲ. ಅನುಸೂಚಿತ ಗಡಿಗೆರೆಯ ಹೊರಗೆ ಕಟ್ಟಡ ಬರುವುದಾದರೆ, ಅದು ಸ್ಮಾರಕದ ಪರಿಸರಕ್ಕೆ ಎಷ್ಟು ಧಕ್ಕೆ ತರುತ್ತದೆಂದು ಸ್ಥಳೀಯ ಯೋಜನಾ ಪ್ರಾಧಿಕಾರ ಆಯಾ ಪ್ರಕರಣದಲ್ಲಿ ತೂಗಿ ನೋಡುತ್ತದೆ.

ದಿಬ್ಬಕ್ಕೆ ಅಪಾಯ ಎಲ್ಲಿಂದ

ಬುಲ್ಡೋಜರ್‌ಗಿಂತ ಹೆಚ್ಚಾಗಿ, ದಿನನಿತ್ಯದ ಸಣ್ಣ ಸವೆತದಿಂದ ಮಣ್ಣುಕೋಟೆ ನಾಶವಾಗುತ್ತದೆ. ಅದರಲ್ಲಿ ಮುಖ್ಯವಾದದ್ದು ಉಳುಮೆ. ನೇಗಿಲು ಪ್ರತಿ ವರ್ಷ ಏರಿಯ ನೆತ್ತಿಯನ್ನು ಕೆರೆದು ಕಂದಕಕ್ಕೆ ತಳ್ಳುತ್ತದೆ. ಹಿಂದಿನಿಂದ ನಡೆದು ಬಂದಿರುವ ಅದೇ ಬಗೆಯ ಉಳುಮೆಯನ್ನು ಮುಂದುವರಿಸಲು ಇಂಗ್ಲೆಂಡಿನ ನಿಯಮದಲ್ಲಿ ಸಾಮಾನ್ಯ ಅನುಮತಿ ಇರುವುದರಿಂದ, ಪಟ್ಟಿಯಲ್ಲಿದ್ದ ಮಾತ್ರಕ್ಕೆ ಈ ಸವೆತ ನಿಲ್ಲುವುದಿಲ್ಲ. ರಕ್ಷಣಾ ವ್ಯವಸ್ಥೆಯ ದೊಡ್ಡ ಕೊರತೆ ಇದು. ಇಂಥ ಕಡೆ ರೈತನಿಗೆ ಧನಸಹಾಯ ಕೊಟ್ಟು ಹೊಲವನ್ನು ಹುಲ್ಲುಗಾವಲಾಗಿ ಬಿಡಿಸುವ ಯೋಜನೆಗಳೇ ಹೆಚ್ಚು ಫಲ ಕೊಡುತ್ತವೆ.

ಬಿಲ ತೋಡುವ ಪ್ರಾಣಿಗಳು ಇನ್ನೊಂದು ಸಮಸ್ಯೆ. ಮೊಲಗಳನ್ನು ಮಾಂಸಕ್ಕೂ ತುಪ್ಪಳಕ್ಕೂ ಇಂಗ್ಲೆಂಡಿಗೆ ತಂದು ಸಾಕಿದವರು ನಾರ್ಮನ್ನರೇ. ಈಗ ಅವರ ಕೋಟೆಗಳನ್ನೇ ಮೊಲಗಳು ಒಳಗಿನಿಂದ ಟೊಳ್ಳುಮಾಡುತ್ತಿವೆ. ಬ್ಯಾಡ್ಜರ್ ಎಂಬ ನಿಶಾಚರಿ ಪ್ರಾಣಿಯ ಬಿಲ ಇನ್ನೂ ದೊಡ್ಡದು. ಅದನ್ನು ಮುಚ್ಚೋಣವೆಂದರೆ 1992ರ ಬ್ಯಾಡ್ಜರ್ ಸಂರಕ್ಷಣಾ ಕಾಯಿದೆ ಪ್ರಾಣಿಗೂ ಬಿಲಕ್ಕೂ ರಕ್ಷಣೆ ಕೊಡುತ್ತದೆ. ಹೀಗಾಗಿ ಸ್ಮಾರಕದ ಅನುಮತಿ ಒಂದು ಕಡೆ, ವನ್ಯಜೀವಿ ಪರವಾನಗಿ ಇನ್ನೊಂದು ಕಡೆ, ಎರಡನ್ನೂ ಪಡೆಯಬೇಕು.

ದಿಬ್ಬದ ಮೇಲೆ ಮರ ಬೆಳೆದರೆ ನೋಡಲು ಚೆಂದ, ಆದರೆ ಬೇರುಗಳು ಪದರುಗಳನ್ನು ಸೀಳಿ ಕೆಡಿಸುತ್ತವೆ. ಬಿರುಗಾಳಿಗೆ ಮರ ಬುಡಮೇಲಾದರೆ ಬೇರಿನ ಜೊತೆ ಮಣ್ಣಿನ ದೊಡ್ಡ ಹೆಂಟೆಯೇ ಎದ್ದುಬರುತ್ತದೆ. ಆದ್ದರಿಂದ ಮರ ತೆಗೆಯುವಾಗ ನೆಲಮಟ್ಟಕ್ಕೆ ಕಡಿದು ಬೊಡ್ಡೆಯನ್ನು ಅಲ್ಲೇ ಕೊಳೆಯಲು ಬಿಡುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಭಾರದ ದನಗಳಿಗಿಂತ ಕುರಿ ಮೇಯುವುದು ಮೇಲು. ಜನ ಹತ್ತಿ ಇಳಿದು ಕಾಲುದಾರಿ ಬಿದ್ದ ಕಡೆ ಮಣ್ಣು ತುಂಬಿ, ಹುಲ್ಲುಹೆಂಟೆ ಹಾಸಿ, ಅದು ಬೇರೂರುವ ತನಕ ದಾರಿ ಮುಚ್ಚುತ್ತಾರೆ.

ಅಗೆಯದೆ ಓದುವ ವಿಧಾನಗಳು

ಎಷ್ಟೇ ಎಚ್ಚರದಿಂದ ಅಗೆದರೂ ಅಗೆದ ಪದರು ಮತ್ತೆ ಇರುವುದಿಲ್ಲ. ಇದನ್ನು ಅರಿತೇ ಹೆನ್ ಡೊಮೆನ್‌ನಲ್ಲಿ ಅಂಗಳದ ಸುಮಾರು ಅರ್ಧಭಾಗವನ್ನಷ್ಟೇ ಅಗೆದರು. ಬಾರ್ಕರ್ ಕೆಲಸ ಆರಂಭಿಸಿದಾಗ ಇಲ್ಲದ ಸಾಧನಗಳು ಈಗ ಬಂದಿವೆ. ವಿಮಾನದಿಂದ ನೆಲದ ಕಡೆಗೆ ಲೇಸರ್ ಕಿರಣಗಳನ್ನು ಬಿಟ್ಟು, ಅವು ಮರಳುವ ಸಮಯದಿಂದ ನೆಲದ ಏರುತಗ್ಗುಗಳನ್ನು ಅಳೆಯುವ ಲೈಡಾರ್ ತಂತ್ರಜ್ಞಾನವು ಎಲೆಗಳ ಸಂದಿಯಿಂದ ಇಳಿದು ಕಾಡಿನ ಕೆಳಗಿರುವ ಕಂದಕವನ್ನೂ ತೋರಿಸಬಲ್ಲದು. ಇಂಗ್ಲೆಂಡಿನ ಪರಿಸರ ಸಂಸ್ಥೆ ಪ್ರವಾಹದ ಅಧ್ಯಯನಕ್ಕೆಂದು ಸಂಗ್ರಹಿಸಿದ ಇಂಥ ಮಾಹಿತಿಯನ್ನು 2015ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ.

ಇನ್ನೊಂದು ವಿಧಾನದಲ್ಲಿ ದಿಬ್ಬದ ನೆತ್ತಿಯಿಂದ ಬುಡದವರೆಗೆ ಕಿರಿದಾದ ಕೊಳವೆ ಇಳಿಸಿ ಮಣ್ಣಿನ ಮಾದರಿ ಎತ್ತುತ್ತಾರೆ. ಅದರಲ್ಲಿ ಸಿಕ್ಕ ಇದ್ದಿಲು, ಬೀಜಗಳ ಕಾಲವನ್ನು ರೇಡಿಯೊ ಕಾರ್ಬನ್ ಪರೀಕ್ಷೆಯಿಂದ ತಿಳಿಯುತ್ತಾರೆ. ಮಾರ್ಲ್‌ಬರೊ ಎಂಬಲ್ಲಿ ಬಹುಕಾಲ ನಾರ್ಮನ್ ಕೋಟೆಯ ದಿಬ್ಬವೆಂದು ತಿಳಿದಿದ್ದ 19 ಮೀಟರ್ ಎತ್ತರದ ಗುಡ್ಡೆ ಸುಮಾರು ಕ್ರಿ.ಪೂ. 2400ರದ್ದೆಂದು 2011ರಲ್ಲಿ ಹೀಗೆ ಗೊತ್ತಾಯಿತು. ಯಾರ್ಕ್‌ಶೈರ್‌ನ ಸ್ಕಿಪ್ಸಿ ಕೋಟೆಯ ದಿಬ್ಬ ಸುಮಾರು 2,500 ವರ್ಷ ಹಿಂದಿನ ಕಬ್ಬಿಣಯುಗದ್ದೆಂದು 2016ರಲ್ಲಿ ತಿಳಿಯಿತು. ಎರಡೂ ಕಡೆ ನಾರ್ಮನ್ನರು ಮೊದಲೇ ಇದ್ದ ಗುಡ್ಡೆಯನ್ನು ತಮ್ಮ ಕೋಟೆಗೆ ಬಳಸಿಕೊಂಡಿದ್ದರು. ಅನುಸೂಚಿತ ದಿಬ್ಬದಲ್ಲಿ ಅಂಗೈಯಷ್ಟೇ ಅಗಲದ ಆ ಕೊಳವೆಯನ್ನು ಇಳಿಸಬೇಕಾದರೂ ಸಂಶೋಧಕರು ಸರ್ಕಾರದ ಅನುಮತಿ ಪಡೆಯಬೇಕು.